ಯಾರಿಗೂ ಗೊತ್ತಿರಲಿಲ್ಲ ಅಂದರೆ ಹೇಗೆ?

ಕೊರೋನಾಗೆ ದೇಶ ತಯಾರಿರಲಿಲ್ಲ, ಯಾಕಂದ್ರೆ ಇಂಥದ್ದು ಬರುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ ಅಂತ ಬರೆದಿದ್ದೀರಿ. ಮಲೆನಾಡಿನವರ ಮುಂದೆ ಈ ಮಾತು ನಡೆಯಲ್ಲ ಸಾರ್. ಸೊರಬದ ಕ್ಯಾಸನೂರು ಕಾಡಲ್ಲಿ ಮಂಗನ ಕಾಯಿಲೆ ಕಾಣಿಸಿದ್ದು 1957ರಲ್ಲಿ. ಇವತ್ತಿಗೂ ಅದಕ್ಕೇ ಅಂತ ಒಂದು ಔಷಧಿ ಇಲ್ಲ. ಇದ್ದ ಲಸಿಕೆನೂ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು, ಅದೂ ಹೊಸದನ್ನು ಕೈಯಲ್ಲಿ ಇಟ್ಟುಕೊಳ್ಳದೆ! ಬೇಸಿಗೆ ಹತ್ತಿರ ಬಂತು ಅಂದರೆ ದರಗು (ಒಣಗಿದ ಎಲೆ) ತರೋಕೆ ಕಾಡಿಗೆ ಹೋಗುವ ಹೆಂಗಸರು ಈ ಕಾಯಿಲೆ ಹರಡುವ ಉಣುಗು ಹತ್ತದಿರಲಿ ಅಂತ ಕೈಕಾಲಿಗೆಲ್ಲ ಡೇಪಾ ಅನ್ನೋ ಎಣ್ಣೆ ಹಚ್ಚಿಕೊಂಡು ಹೊರಡಬೇಕು, ಅಷ್ಟೇ ನಮ್ಮ ತಯಾರಿ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಜನ ಸತ್ತಾಗ ಎಲ್ಲ ಕಡೆ ಸುದ್ದಿಯಾಯ್ತು. ಆಮೇಲೆ? ಕಣ್ಣೆದುರಿನ ಕಾಯಿಲೆಗೇ ಹೀಗೆ, ಇನ್ನು 2021ರಲ್ಲಿ ಆಕ್ಸಿಜನ್ ಸಿಗಲಿಲ್ಲ ಅಂತ ಸುಮ್ನೆ ಆಶ್ಚರ್ಯ ಯಾಕೆ ಪಡ್ತೀರಿ?