ಸಾಸೇಜಿಗೆ ಮೊದಲ ಪ್ರಾಶಸ್ತ್ಯ

ಆಸ್ಟ್ರೇಲಿಯಾದಲ್ಲಿ ಚುನಾವಣೆಯ ದಿನ ಮುಸುಕು ಹೊದ್ದು ಮಲಗಿದರೆ 20 ಡಾಲರ್ ದಂಡ. ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗೆ ಸ್ವಲ್ಪ ಮೇಲೆ. ದಂಡಕ್ಕೆ ಮೊದಲು ಚುನಾವಣಾ ಆಯೋಗದಿಂದ ಬಹಳ ಮರ್ಯಾದೆಯ ಪತ್ರವೊಂದು ಬರುತ್ತದೆ: ತಾವು ಮತ ಹಾಕಿದಂತೆ ಕಾಣುವುದಿಲ್ಲ, ಸೂಕ್ತ ಕಾರಣವಿದ್ದರೆ ತಿಳಿಸಿ. ಆಸ್ಪತ್ರೆಯಲ್ಲಿದ್ದೆ ಅನ್ನಬಹುದು, ದೇಶದಲ್ಲೇ ಇರಲಿಲ್ಲ ಅನ್ನಬಹುದು. ‘ನಿಂತವರಲ್ಲಿ ಒಬ್ಬನೂ ಲಾಯಕ್ಕಿಲ್ಲ’ ಅನ್ನುವಂತಿಲ್ಲ. ಅದನ್ನು ಒಬ್ಬ ಪುಣ್ಯಾತ್ಮ ಆಗಲೇ ಅಂದು ನೋಡಿದ್ದಾನೆ. ಅರ್ನೆಸ್ಟ್ ಜಡ್ ಎಂಬ ಸಮಾಜವಾದಿ, ಕಣದಲ್ಲಿರುವವರೆಲ್ಲ ಬಂಡವಾಳಶಾಹಿಯ ಪರ, ಇವರಲ್ಲಿ ಯಾರಿಗೂ ಹಾಕಲಾರೆ ಎಂದು ಹಠ ಹಿಡಿದು ಹೈಕೋರ್ಟಿನವರೆಗೂ ಹೋದ. ಇಲ್ಲಿ ಹೈಕೋರ್ಟೇ ದೇಶದ ಕಟ್ಟಕಡೆಯ ಕೋರ್ಟು. 1926ರಲ್ಲಿ ಅದು, ಇದೆಲ್ಲ ಒಂದು ಕಾರಣವಲ್ಲ ಎಂದು ಕೈತೊಳೆದುಕೊಂಡಿತು. 1971ರಲ್ಲಿ ಇನ್ನೊಬ್ಬ ಮತದಾರ, ನನಗೆ ಯಾರ ಮೇಲೂ ಒಲವಿಲ್ಲ ಅಂತ ವಾದಿಸಿದ. ಒಲವಿಲ್ಲದವನೂ ಅಂಕಿ ಬರೆಯಬಹುದಲ್ಲ ಎಂಬ ಧಾಟಿಯಲ್ಲಿ ತೀರ್ಪು ಬಂತು. ಭಾರತದಲ್ಲಾದರೆ 2013ರಿಂದ ನೋಟಾ ಇದೆ, ಸಿಟ್ಟು ತೀರಿಸಿಕೊಳ್ಳಲು ಒಂದು ಗುಂಡಿಯಾದರೂ ಸಿಗುತ್ತದೆ. ಇಲ್ಲಿ ಸಿಟ್ಟಿದ್ದವನೂ ಕ್ರಮಸಂಖ್ಯೆ ಹಾಕಬೇಕು.

ಕಡ್ಡಾಯ ಮತದಾನದ ಕಾನೂನು ಬಂದದ್ದು 1924ರಲ್ಲಿ. 1922ರ ಚುನಾವಣೆಗೆ ನೂರಕ್ಕೆ ಅರವತ್ತು ಜನವೂ ಬಂದಿರಲಿಲ್ಲ; 1925ರಲ್ಲಿ ತೊಂಬತ್ತೊಂದು ದಾಟಿತು. ದಂಡಂ ದಶಗುಣಂ. ತಮಾಷೆ ಏನೆಂದರೆ, ಎಲ್ಲರೂ ಮತ ಹಾಕಲೇಬೇಕು ಎಂಬ ಈ ಮಸೂದೆ ಸಂಸತ್ತಿನ ಎರಡೂ ಸದನಗಳಲ್ಲಿ ಮತ ಎಣಿಸದೆಯೇ ಪಾಸಾಯಿತು. ಅಂದು ಮಾತಾಡಿದವರೇ ಕಡಿಮೆ. ಮಿಕ್ಕ ಸದಸ್ಯರು ಮನಸ್ಸಿನಲ್ಲಿ ಏನೆಂದುಕೊಂಡರೋ, ಅವರಿಗಂತೂ ಯಾರೂ ನೋಟಿಸು ಕಳಿಸಲಿಲ್ಲ.

ಹೀಗೆ ನೂರು ವರ್ಷದಿಂದ ಸರ್ಕಾರ ಜನರನ್ನು ಮತಗಟ್ಟೆಯವರೆಗೆ ಎಳೆದು ತರುತ್ತಿದೆ. ಅಲ್ಲಿಗೆ ಬರುವಾಗ ತಲೆಯಲ್ಲಿ ಏನಾದರೂ ಇಟ್ಟುಕೊಂಡು ಬಾ ಎನ್ನುವ ಕಾನೂನು ಮಾತ್ರ ಇನ್ನೂ ಬಂದಿಲ್ಲ.

ಮೆಲ್ಬರ್ನಿನ ಪಶ್ಚಿಮದ ನಮ್ಮ ಬಡಾವಣೆಯಲ್ಲಿ ಪಕ್ಕದ ಮನೆಯವನು ಪ್ಲಂಬರ್. 2025ರ ಮೇ 3ರ ಚುನಾವಣೆಗೆ ಮುಂಚೆ, ಕಸದ ಡಬ್ಬಿ ರಸ್ತೆಗೆ ಎಳೆಯುವ ಹೊತ್ತಿನಲ್ಲಿ, ಯಾರಿಗೆ ಹಾಕ್ತೀಯ ಅಂತ ಕೇಳಿದೆ. “ಯಾರಿಗೆ ಅಂತ ಗೊತ್ತಿಲ್ಲ ಮೇಟ್. ಕೊನೇ ನಂಬರು ಯಾರಿಗೆ ಅಂತ ಗೊತ್ತು. ಅಲ್ಲಿಂದ ಹಿಂದಕ್ಕೆ ಎಣಿಸ್ಕೊಂಡು ಬರ್ತೀನಿ” ಅಂದ. ಇದಕ್ಕಿಂತ ಚೆನ್ನಾಗಿ ಈ ದೇಶದ ರಾಜಕೀಯವನ್ನು ನನಗೆ ಯಾವ ಪ್ರೊಫೆಸರರೂ ವಿವರಿಸಿಲ್ಲ. ಕೆಳಮನೆಯ ಮತಪತ್ರದಲ್ಲಿ ಎಂಟು ಜನ ಇದ್ದರೆ ಎಂಟೂ ಚೌಕಕ್ಕೆ ಪ್ರಾಶಸ್ತ್ಯದ ಅಂಕಿ ಹಾಕಬೇಕು. ಕಡಿಮೆ ಮತ ಬಿದ್ದವನನ್ನು ಹೊರಗೆ ಹಾಕಿ, ಅವನ ಮತಗಳನ್ನು ಮುಂದಿನ ಪ್ರಾಶಸ್ತ್ಯದವನಿಗೆ ದಾಟಿಸುತ್ತಾ ಹೋಗುತ್ತಾರೆ. ಆ ಚುನಾವಣೆಯಲ್ಲಿ ಆಳುವ ಲೇಬರ್ ಪಕ್ಷಕ್ಕೆ ಬಂದ ಮೊದಲ ಪ್ರಾಶಸ್ತ್ಯ ಶೇ 35ಕ್ಕಿಂತ ಕಡಿಮೆ; ಸಿಕ್ಕ ಸೀಟು 150ರಲ್ಲಿ 94. ನೂರರಲ್ಲಿ ಅರವತ್ತೈದು ಜನ ‘ನೀನೇ ಬೇಕು’ ಅನ್ನದೆ, ಅವರಲ್ಲಿ ಸಾಕಷ್ಟು ಮಂದಿ ‘ಅವನಿಗಿಂತ ನೀನು ವಾಸಿ’ ಅಂದದ್ದಕ್ಕೆ ಪ್ರಚಂಡ ಜನಾದೇಶ ಎಂದು ಹೆಸರು. ಎದುರಾಳಿ ಪಕ್ಷದ ನಾಯಕ ಪೀಟರ್ ಡಟನ್ ಸ್ವಂತ ಕ್ಷೇತ್ರವನ್ನೂ ಕಳೆದುಕೊಂಡರು. ನನ್ನ ನೆರೆಯವನ ಹಾಗೆ ಹಿಂದಿನಿಂದ ಎಣಿಸುವವರು ಊರೂರಲ್ಲೂ ಇದ್ದಾರೆಂದಾಯಿತು.

ಹಿಂದಿನಿಂದ ಎಣಿಸುವುದಕ್ಕೂ ಒಂದು ನೆಪ ಬೇಕಲ್ಲ. ಮನೆ ಸಾಲದ ಬಡ್ಡಿ ಇದೆ. 2022ರ ಮೇಯಿಂದ 2023ರ ನವೆಂಬರ್‌ವರೆಗೆ ಇಲ್ಲಿನ ರಿಸರ್ವ್ ಬ್ಯಾಂಕು ಹದಿಮೂರು ಸಲ ಬಡ್ಡಿ ಏರಿಸಿ 0.1ರಿಂದ 4.35ಕ್ಕೆ ತಂದು ನಿಲ್ಲಿಸಿತು. ಬ್ಯಾಂಕಿನ ಗವರ್ನರು ಚುನಾವಣೆಗೆ ನಿಲ್ಲುವುದಿಲ್ಲ, ಹಾಗಾಗಿ ಬೈಗುಳ ಪ್ರಧಾನಿಗೆ. ಬಡ್ಡಿ ಇಳಿದರೆ ಅದೇ ಪ್ರಧಾನಿ ಎದೆಯುಬ್ಬಿಸಿಕೊಂಡು ಟಿವಿಗೆ ಬರುತ್ತಾರೆ. ಆಮೇಲೆ ಪೆಟ್ರೋಲು. ಡಟನ್ ಸಾಹೇಬರು ಲೀಟರಿಗೆ 25 ಸೆಂಟ್ ಇಳಿಸುತ್ತೇನೆ, ಅದೂ ಒಂದು ವರ್ಷದ ಮಟ್ಟಿಗೆ, ಎಂದು ಬಂಕಿನಿಂದ ಬಂಕಿಗೆ ಅಲೆದರು. ಪ್ರಧಾನಿ ಆಂಥನಿ ಆಲ್ಬನೀಸಿ ವಾರಕ್ಕೆ ಸುಮಾರು ಐದು ಡಾಲರ್ ಉಳಿಯುವ ತೆರಿಗೆ ಕಡಿತ ಕೊಟ್ಟರು, ಅದೂ ಮುಂದಿನ ವರ್ಷದಿಂದ. ಐದು ಡಾಲರಿಗೆ ಇಲ್ಲಿ ಒಂದು ಕಾಫಿ ಬಂದರೆ ಹೆಚ್ಚು. ನಮ್ಮ ಕಡೆ ಮಿಕ್ಸಿ, ಸೀರೆ, ಕುಕ್ಕರ್ ಹಂಚಿದರೆ ಮತದಾರರನ್ನು ಕೊಳ್ಳುತ್ತಾರೆಂದು ಮೂಗು ಮುರಿಯುವ ಜನ, ಕಾಫಿಯನ್ನು ಕಾಸ್ಟ್ ಆಫ್ ಲಿವಿಂಗ್ ಪಾಲಿಸಿ ಎಂದು ಕರೆದು ಗಂಭೀರವಾಗಿ ಚರ್ಚಿಸುತ್ತಾರೆ.

ನೀತಿಯ ಮಾತು ಇಷ್ಟು ಮುಗಿದ ಮೇಲೆ ಮನರಂಜನೆ. ಅದೇ ಪ್ರಚಾರದಲ್ಲಿ ಆಲ್ಬನೀಸಿ ಒಂದು ವೇದಿಕೆಯ ಅಂಚಿನಿಂದ ಕೆಳಕ್ಕೆ ಜಾರಿದರು. ದೇಶವೆಲ್ಲ ವಿಡಿಯೋ ನೋಡಿತು. ನಾನು ಬೀಳಲಿಲ್ಲ, ಒಂದು ಹೆಜ್ಜೆ ಹಿಂದಿಟ್ಟೆ ಅಷ್ಟೆ ಎಂದು ಅವರು ವಾದಿಸಿದರು. ಡಾರ್ವಿನ್‌ನಲ್ಲಿ ಡಟನ್ ಒದ್ದ ಚೆಂಡು ಕ್ಯಾಮೆರಾದವನ ಹಣೆಗೆ ಬಿದ್ದು ರಕ್ತ ಬಂತು. ಡಟನ್ ಕಟ್ಟುತ್ತೇನೆಂದ ಅಣುಸ್ಥಾವರ ಬೇಕೋ ಬೇಡವೋ ಎಂಬ ಪ್ರಶ್ನೆಯ ಜೊತೆಗೇ ಆಲ್ಬನೀಸಿ ಬಿದ್ದರೋ ಇಲ್ಲವೋ ಎಂಬ ಪ್ರಶ್ನೆಯೂ ಚುನಾವಣೆಯ ವಿಷಯವಾಯಿತು. 2022ರಲ್ಲಂತೂ ಪ್ರಚಾರದ ಮೊದಲ ದಿನವೇ ಪತ್ರಕರ್ತರು ಆಲ್ಬನೀಸಿಯನ್ನು ನಿಲ್ಲಿಸಿ ನಿರುದ್ಯೋಗದ ಪ್ರಮಾಣ ಎಷ್ಟು ಅಂತ ಕೇಳಿದರು. ಗೊತ್ತಾಗಲಿಲ್ಲ. ಬಾಯಿಪಾಠ ಪರೀಕ್ಷೆಯಲ್ಲಿ ಫೇಲಾದ ಹುಡುಗನ ಕಥೆ ದಿನಗಟ್ಟಲೆ ನಡೆಯಿತು. ಎರಡು ದಿನದ ಮೇಲೆ ಗ್ರೀನ್ಸ್ ಪಕ್ಷದ ನಾಯಕ ಆಡಂ ಬ್ಯಾಂಡ್ಟ್‌ಗೂ ಇಂಥದ್ದೇ ಅಂಕಿಯ ಪ್ರಶ್ನೆ ಎಸೆದಾಗ ಅವರು “ಗೂಗಲ್ ಮಾಡಪ್ಪಾ” ಅಂದು ಚಪ್ಪಾಳೆ ಗಿಟ್ಟಿಸಿದರು. ಇದಕ್ಕೂ ಹಿರಿಯಜ್ಜನಂಥ ಪ್ರಕರಣ 1993ರದು: ಗೆದ್ದೇ ಗೆಲ್ಲುತ್ತಾರೆ ಎನ್ನಿಸಿಕೊಂಡಿದ್ದ ವಿರೋಧ ಪಕ್ಷದ ನಾಯಕ ಜಾನ್ ಹ್ಯೂಸನ್, ಅರ್ಥಶಾಸ್ತ್ರದ ಪ್ರೊಫೆಸರು, ಹುಟ್ಟುಹಬ್ಬದ ಕೇಕಿಗೆ ನಿಮ್ಮ ಜಿಎಸ್‌ಟಿ ಎಷ್ಟು ಬೀಳುತ್ತೆ ಎಂದು ಟಿವಿಯಲ್ಲಿ ಕೇಳಿದ್ದಕ್ಕೆ, ಅಲಂಕಾರ ಇದೆಯೋ ಇಲ್ಲವೋ, ಮೇಣದಬತ್ತಿ ಇದೆಯೋ ಇಲ್ಲವೋ ಎಂದು ಕೇಕಿನೊಳಗೇ ಸಿಕ್ಕಿಹಾಕಿಕೊಂಡು ಸೋತರು. ಪಾಪ, ಆ ಮನುಷ್ಯ ಹೇಳಿದ್ದು ಸರಿಯೇ ಇತ್ತು. ಸರಿಯಾಗಿ ಹೇಳಲು ಅಷ್ಟು ಹೊತ್ತು ತಗೊಂಡದ್ದೇ ತಪ್ಪು.

ನಮ್ಮವರು ಇದರಲ್ಲಿ ಹಿಂದೆ ಬಿದ್ದಿದ್ದಾರೆ ಅಂದುಕೊಳ್ಳಬೇಡಿ. ಭಾರತದಲ್ಲಿ ಹುಟ್ಟಿ ಇಲ್ಲಿ ನೆಲೆಸಿದವರ ಸಂಖ್ಯೆ ಒಂಬತ್ತು ಲಕ್ಷ ದಾಟಿದೆ. ಹಾಗಾಗಿ ಚುನಾವಣೆ ಹತ್ತಿರ ಬಂದಂತೆ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಕೆಂಪು ಮುಖದವರು ಕುಂಕುಮ ಇಟ್ಟುಕೊಂಡು, ಪುಳಿಯೋಗರೆ ಖಾರಕ್ಕೆ ಕಣ್ಣೀರಿಡುತ್ತಾ “ವೆರಿ ನೈಸ್” ಅನ್ನುವುದು ಕಾಣುತ್ತದೆ. ಪ್ರಧಾನಿಯಾಗಿದ್ದಾಗ ಸ್ಕಾಟ್ ಮಾರಿಸನ್ 2020ರಲ್ಲಿ ತಾವೇ ಸಮೋಸಾ ಕರಿದು, ಸ್ಕೊಮೋಸಾ ಎಂದು ನಾಮಕರಣ ಮಾಡಿ, ಫೋಟೋ ಹಾಕಿ, ಮೋದಿಯವರೊಡನೆ ಹಂಚಿಕೊಳ್ಳುವ ಆಸೆ ತೋಡಿಕೊಂಡಿದ್ದರು. ಎರಡು ವರ್ಷದಲ್ಲಿ ಮನೆಗೆ ಹೋದರು. ಸಮೋಸಾದ ತಪ್ಪಲ್ಲ.

ಯುಗಾದಿ ಕಾರ್ಯಕ್ರಮದಲ್ಲಿ ಒಬ್ಬರು ನನ್ನ ಪಕ್ಕಕ್ಕೆ ಕರೆದು, “ಸಾರ್, ಈ ಸಲ ನಮ್ಮವರೊಬ್ಬರು ನಿಂತಿದಾರೆ, ನೋಡಿ ಮತ್ತೆ” ಅಂದರು.

“ಕನ್ನಡದವರಾ?”

“ಅಲ್ಲ. ಆದ್ರೆ ಅವರ ಮಿಸೆಸ್ಸು ಹುಬ್ಬಳ್ಳೀಲಿ ಓದಿದ್ದು.”

“ಪಕ್ಷ ಯಾವುದು ಸ್ವಾಮಿ?”

“ಅದನ್ನ ಕೇಳಿ ಹೇಳ್ತೀನಿ ಸಾರ್.”

ಜಾತಿ ಬಿಟ್ಟು ಸಮುದ್ರ ದಾಟಿದವರಿಗೆ ಇಷ್ಟಾದರೂ ಆಧಾರ ಬೇಡವೇ?

ಇನ್ನು ಮತಗಟ್ಟೆ. ಶನಿವಾರ, ಬಡಾವಣೆಯ ಪ್ರೈಮರಿ ಶಾಲೆ. ಬಾಗಿಲಿನಿಂದ ಆರು ಮೀಟರ್ ಒಳಗೆ ಪ್ರಚಾರ ನಿಷಿದ್ಧ, ಆದ್ದರಿಂದ ಆರು ಮೀಟರ್ ಆಚೆ ಬಣ್ಣಬಣ್ಣದ ಟೀಶರ್ಟಿನ ದಂಡು. ಪ್ರತಿಯೊಬ್ಬರ ಕೈಯಲ್ಲೂ ‘ಹೌ ಟು ವೋಟ್’ ಚೀಟಿ: ನಮ್ಮವನಿಗೆ 1, ಇಂಥವನಿಗೆ 2, ಹೀಗೆ ಕೊನೆಯತನಕ ಬರೆದುಕೊಟ್ಟ ಉತ್ತರಪತ್ರಿಕೆ. ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇಂಥ ಚೀಟಿ ಒಳಗೆ ಒಯ್ದರೆ ಡಿಬಾರ್ ಮಾಡುತ್ತಾರೆ. ಇಲ್ಲಿ ಆಯೋಗದ ಸಿಬ್ಬಂದಿಯ ಎದುರೇ ಬಿಡಿಸಿಟ್ಟುಕೊಂಡು ನಕಲು ಮಾಡಬಹುದು. ನಾಚಿಕೆಯ ಜನ ಎಲ್ಲ ಪಕ್ಷದ ಚೀಟಿಯನ್ನೂ ಇಸಿದುಕೊಂಡು, ಒಳಗೆ ಹೋಗಿ ಯಾವುದು ಮೇಲೆ ಬಂತೋ ಅದನ್ನು ನೋಡಿ ಬರೆಯುತ್ತಾರೆ. ಮೂರು ವರ್ಷದ ಸರ್ಕಾರ!

ಆದರೆ ಜನ ಅಷ್ಟು ಹುರುಪಿನಿಂದ ಬರುವುದು ಚೀಟಿಗಲ್ಲ, ಹೊಗೆಗೆ. ಶಾಲೆಯ ಪೋಷಕರು ನಿಧಿ ಸಂಗ್ರಹಕ್ಕೆ ಕಬ್ಬಿಣದ ತಟ್ಟೆಯ ಮೇಲೆ ಸಾಸೇಜ್, ಅಂದರೆ ಮಾಂಸ ತುಂಬಿದ ಉದ್ದನೆಯ ಸುರುಳಿ, ಸುಡುತ್ತಾರೆ. ಒಂದು ಬಿಳಿ ಬ್ರೆಡ್ಡಿನ ಮೇಲೆ ಅದನ್ನು ಓರೆಯಾಗಿ ಇಟ್ಟು, ಬಾಡಿಸಿದ ಈರುಳ್ಳಿ ಉದುರಿಸಿ, ಟೊಮೆಟೊ ಸಾಸು ಗೆರೆ ಎಳೆದು, ಪೇಪರ್ ನ್ಯಾಪ್‌ಕಿನ್ ಸಮೇತ ಕೈಗಿಡುತ್ತಾರೆ. ಇದೇ ಡೆಮಾಕ್ರಸಿ ಸಾಸೇಜ್. 2016ರಲ್ಲಿ ಇದನ್ನು ಇಲ್ಲಿನ ನಿಘಂಟು ಕೇಂದ್ರ ವರ್ಷದ ಪದವೆಂದು ಆರಿಸಿತು. ಯಾವ ಬೂತಿನಲ್ಲಿ ಸಾಸೇಜ್ ಉಂಟು, ಎಲ್ಲಿ ಕೇಕ್ ಮಾತ್ರ, ಎಲ್ಲಿ ಸಸ್ಯಾಹಾರಿಗಳಿಗೂ ಗತಿ ಉಂಟು ಎಂದು ತೋರಿಸುವ ನಕ್ಷೆ ಇಂಟರ್ನೆಟ್ಟಿನಲ್ಲಿದೆ. ಅಭ್ಯರ್ಥಿಗಳ ಬಗ್ಗೆ ಇಷ್ಟು ಸಂಶೋಧನೆ ಮಾಡಿದವರನ್ನು ನಾನು ಕಂಡಿಲ್ಲ. ನಿಮ್ಮ ರಾಜ್ಯದೊಳಗೆ ಯಾವ ಮತಗಟ್ಟೆಯಲ್ಲಾದರೂ ಮತ ಹಾಕಬಹುದಾದ್ದರಿಂದ, ಈರುಳ್ಳಿ ಚೆನ್ನಾಗಿ ಬಾಡಿಸುವ ಶಾಲೆಗೆ ಕಾರು ತಿರುಗಿಸಿದರೂ ಯಾರೂ ಕೇಳುವುದಿಲ್ಲ. 2016ರಲ್ಲೇ ಲೇಬರ್ ನಾಯಕ ಬಿಲ್ ಶಾರ್ಟನ್ ಸಾಸೇಜನ್ನು ತುದಿಯಿಂದ ಕಚ್ಚದೆ ನಡುವಿನಿಂದ ಕಚ್ಚಿಬಿಟ್ಟರು. ಇಂಥವನ ಕೈಗೆ ದೇಶ ಕೊಡುವುದೇ ಎಂದು ಜನ ಬೆಚ್ಚಿದರು. ಅವರು ಸೋತದ್ದಕ್ಕೆ ನೂರೆಂಟು ಕಾರಣ ಇರಬಹುದು; ಜನರಿಗೆ ನೆನಪಿರುವುದು ಆ ಒಂದು ತುತ್ತು.

ಒಳಗೆ ಹೋದರೆ ಗುರುತಿನ ಚೀಟಿ ಕೇಳುವುದಿಲ್ಲ, ಬೆರಳಿಗೆ ಮಸಿ ಇಲ್ಲ. ಹೆಸರು, ವಿಳಾಸ, ಮತ್ತು ಮೂರನೆಯದಾಗಿ: “ಈ ಚುನಾವಣೆಯಲ್ಲಿ ಆಗಲೇ ಮತ ಹಾಕಿದ್ದೀರಾ?” ಕಳ್ಳನನ್ನೇ ‘ಕದ್ದಿದ್ದೀಯೇನಪ್ಪಾ’ ಅಂತ ಕೇಳುವ ಈ ಪದ್ಧತಿ ಹೆಚ್ಚುಕಡಿಮೆ ಸರಿಯಾಗಿಯೇ ನಡೆಯುತ್ತದೆ ಎಂಬುದು ನನಗೆ ಇವತ್ತಿಗೂ ಅರಗದ ಸಂಗತಿ. ಹೌದು ಅನ್ನುವ ಧೈರ್ಯ ಯಾರಿಗಿದೆ? ಎರಡು ಸಲ ಈ ಪಡಿಪಾಟಲು ಪಡುವ ಆಸೆಯಾದರೂ ಯಾರಿಗಿದೆ?

ಪಡಿಪಾಟಲು ಅಂದದ್ದು ಮೇಲ್ಮನೆಯಾದ ಸೆನೆಟ್ಟಿನ ಮತಪತ್ರದ ಕಾರಣಕ್ಕೆ. 2013ರಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ 110 ಅಭ್ಯರ್ಥಿಗಳು. ಕಾಗದದ ಅಗಲ ಒಂದು ಮೀಟರ್ ಮೀರಿತು, ಅಕ್ಷರ ಸಾಸಿವೆಯಷ್ಟಾಗಿ ಆಯೋಗವೇ ಭೂತಗನ್ನಡಿ ಹಾಳೆ ಒದಗಿಸಿತು. ರಟ್ಟಿನ ಮರೆಯೊಳಗೆ ಅಷ್ಟಗಲದ ಕಾಗದವನ್ನು ಪಂಚೆ ಹರವಿದಂತೆ ಹರವಿ, ದಾರ ಕಟ್ಟಿದ ಪೆನ್ಸಿಲ್ ಆ ತುದಿಗೆ ಎಟುಕದೆ, ಹಿಂದಿನವರು ಕೆಮ್ಮುತ್ತಿರುವಾಗ ಪ್ರಜಾಪ್ರಭುತ್ವದ ಆಳವಾದ ಚಿಂತನೆ ಎಲ್ಲಿಂದ ಬರಬೇಕು? ಅದೇ ವರ್ಷ ವಿಕ್ಟೋರಿಯಾದಿಂದ ಮೋಟಾರು ಪ್ರಿಯರ ಪಕ್ಷದ ರಿಕಿ ಮ್ಯೂರ್ ಶೇ 0.51 ಮೊದಲ ಪ್ರಾಶಸ್ತ್ಯ ಪಡೆದು, ಉಳಿದದ್ದೆಲ್ಲ ಪಕ್ಷಗಳ ಕೊಡುಕೊಳ್ಳುವಿಕೆಯಿಂದ ಹರಿದುಬಂದು, ಸೆನೆಟರ್ ಆದರು. ಕಾಂಗರೂ ಲದ್ದಿ ಎರಚಾಡುವ ಅವರ ವಿಡಿಯೋ ಆಗ ಪ್ರಸಿದ್ಧವಾಯಿತು. ಮನುಷ್ಯ ಮಾತ್ರ ಸೆನೆಟ್ಟಿನಲ್ಲಿ ಹಲವು ವೃತ್ತಿನಿರತರಿಗಿಂತ ನೇರವಾಗಿ ನಡೆದುಕೊಂಡರು. 2016ರಲ್ಲಿ ಆಗಿನ ಸರ್ಕಾರ ಗ್ರೀನ್ಸ್ ಪಕ್ಷದ ಬೆಂಬಲದಿಂದ ನಿಯಮ ಬದಲಿಸಿ ಆ ಬಾಗಿಲು ಮುಚ್ಚಿತು.

ಯೋಚಿಸಲು ಪುರುಸೊತ್ತಿಲ್ಲದವರು ಮೇಲಿನಿಂದ ಕೆಳಕ್ಕೆ 1, 2, 3, 4 ಎಂದು ಬರೆದು ಬರುತ್ತಾರೆ; ಇದರ ಹೆಸರು ಡಾಂಕಿ ವೋಟ್. ಇದನ್ನು ಕಂಡು ನಗಬೇಡಿ. 1937ರಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಲೇಬರ್ ಪಕ್ಷ ಅಮೂರ್, ಆಶ್ಲಿ, ಆರ್ಮ್‌ಸ್ಟ್ರಾಂಗ್, ಆರ್ಥರ್ ಎಂಬ ನಾಲ್ವರನ್ನು ಸೆನೆಟ್ಟಿಗೆ ನಿಲ್ಲಿಸಿತು. ಅಕಾರಾದಿಯಲ್ಲಿ ಮೇಲೆ ಬರುವುದೇ ಅರ್ಹತೆ. ನಾಲ್ವರೂ ಗೆದ್ದರು. ಆಮೇಲೆ ಸೆನೆಟ್ಟಿಗೆ ಚೀಟಿ ಎತ್ತುವ ಪದ್ಧತಿ ಬಂತು. ಕೆಳಮನೆಗೆ ಮಾತ್ರ 1984ರವರೆಗೂ ಅಕಾರಾದಿಯೇ. ಇಂದು ಚೀಟಿಯಲ್ಲಿ ಮೊದಲ ಜಾಗ ಸಿಕ್ಕಿದರೆ ಅಭ್ಯರ್ಥಿಗಳು ಒಳಗೊಳಗೇ ಹಿಗ್ಗುತ್ತಾರೆ.

ಆರು ಗಂಟೆಗೆ ಬಾಗಿಲು ಹಾಕಿ ಎಣಿಕೆ ಶುರು. 2025ರಲ್ಲಿ ಕೆಳಮನೆಯ ಮತಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಅಸಿಂಧು. (ನಮ್ಮ ಪದವೀಧರ ಕ್ಷೇತ್ರದವರು ಸಮಾಧಾನಪಡಲಿ.) ಅಂಕಿ ತಪ್ಪು ಬರೆಯುವುದಿರಲಿ, ತಪ್ಪು ಬರೆಯಿರಿ ಎಂದು ಹೇಳಿಕೊಟ್ಟವನೂ ಇಲ್ಲಿ ಸಿಕ್ಕಿಬಿದ್ದಿದ್ದಾನೆ. ದೊಡ್ಡ ಪಕ್ಷಗಳಿಗೆ ಮತ ಸೋರದಂತೆ 1, 2, 3, 3 ಎಂದು ಹಾಕಿ ಎಂದು ಪ್ರಚಾರ ಮಾಡಿದ ಆಲ್ಬರ್ಟ್ ಲ್ಯಾಂಗರ್, ಕೋರ್ಟು ನಿಲ್ಲಿಸು ಅಂದರೂ ನಿಲ್ಲಿಸದೆ 1996ರಲ್ಲಿ ಜೈಲಿಗೆ ಹೋದ. ಅದೇ, ಅಂಕಿಗಳು ಸ್ಪಷ್ಟವಾಗಿದ್ದು ಹಾಕಿದವರು ಯಾರೆಂದು ಗೊತ್ತಾಗದಂತಿದ್ದರೆ, ಕಾಗದದ ಮೇಲೆ ಇನ್ನೇನು ಗೀಚಿದ್ದರೂ ಮತ ಸಿಂಧುವೇ. ಆದ್ದರಿಂದ ಎಣಿಕೆಯ ಮೇಜಿನ ಸುತ್ತ ಪಕ್ಷದ ಏಜೆಂಟರು ಮುಖ ಗಂಟಿಕ್ಕಿಕೊಂಡು, ಬಾಯಲ್ಲಿ ಹೇಳಬಾರದ ಚಿತ್ರ ಬಿಡಿಸಿ, ಎಲ್ಲ ಅಭ್ಯರ್ಥಿಗಳ ವಂಶಕ್ಕೂ ಬೈಗುಳ ಬರೆದ ಮತಪತ್ರವನ್ನು ಎತ್ತಿ ಹಿಡಿದು ನೋಡುತ್ತಾರೆ. ಒಂದರಿಂದ ಎಂಟರವರೆಗೆ ಅಂಕಿ ದುಂಡಗಿದೆ. ಸಿಂಧು. ಅದರ ಕೆಳಗಿನದು ಯಾರೋ ಎಲ್ಲ ಪಕ್ಷಗಳ ಪ್ರಣಾಳಿಕೆ ಓದಿ, ರಾತ್ರಿಯೆಲ್ಲ ಯೋಚಿಸಿ, ಮರೆಯಲ್ಲಿ ನಿಂತು ಅಳೆದು ತೂಗಿ ಬರೆದದ್ದಿರಬೇಕು. ಐದು ಎರಡು ಸಲ ಬಂದಿದೆ. ಅದನ್ನು ಪಕ್ಕದ ಗುಡ್ಡೆಗೆ ಹಾಕುತ್ತಾರೆ.