ಮಾತ್ರೆ ಫ್ರೀ ಸಿಗುತ್ತೆ, ಊಟ?

ಹೋದ ವರ್ಷ ನನ್ನ ತಮ್ಮನಿಗೆ ಟಿಬಿ ಬಂತು. ಗಾರೆ ಕೆಲಸದವನು, ಎರಡು ಸಣ್ಣ ಮಕ್ಕಳು. ಕಫ ಪರೀಕ್ಷೆ, ಎಕ್ಸ್‌ರೇ, ಆರು ತಿಂಗಳ ಮಾತ್ರೆ ಎಲ್ಲವೂ ಪುಕ್ಕಟೆ ಸಿಕ್ಕಿತು. ಅದಕ್ಕೆ ಕೈ ಮುಗಿಯುತ್ತೇನೆ. ಆದರೆ "ಮೊಟ್ಟೆ, ಹಾಲು, ಬೇಳೆ ಚೆನ್ನಾಗಿ ತಿನ್ನಿ, ಭಾರದ ಕೆಲಸ ಬೇಡ" ಅಂದರಲ್ಲ, ಕಷ್ಟ ಶುರುವಾಗಿದ್ದೇ ಅಲ್ಲಿಂದ. ದಿನಗೂಲಿಯವನು ಮನೇಲಿ ಕೂತರೆ ಹಾಲಿಗೆ ದುಡ್ಡು ಎಲ್ಲಿಂದ ಬರಬೇಕು?

ಆಗ ಅವನ ತೂಕ 43 ಕೆಜಿ. ಬೆಳಗ್ಗೆ ಮೂರು ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಮೂತ್ರ ಕೆಂಪಗೆ ಹೋಗಿದ್ದು ನೋಡಿ ರಕ್ತ ಅಂತ ಹೆದರಿ, ಮಾತ್ರೆಯೇ ಬೇಡ ಅಂತ ಕೂತುಬಿಟ್ಟ. ಆಶಾ ಕಾರ್ಯಕರ್ತೆ ಬಂದು "ಅದು ಮಾತ್ರೆ ಬಣ್ಣ ಕಣಣ್ಣ, ರಕ್ತ ಅಲ್ಲ" ಅಂದಮೇಲೇ ಮತ್ತೆ ಶುರು ಮಾಡಿದ್ದು.

ಟಿಬಿ ರೋಗಿಗಳ ಊಟಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆ ಇದೆ. 2018ರಲ್ಲಿ ಶುರುವಾದಾಗ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1000. ಒಳ್ಳೇ ಯೋಜನೆ. ಮೊದಲ ಕಂತು ಚಿಕಿತ್ಸೆ ಶುರುವಾದಾಗಲೇ ಬರಬೇಕು. ನನ್ನ ತಮ್ಮನ ಖಾತೆಗೆ ಆಧಾರ್ ಸರಿಯಾಗಿ ಜೋಡಣೆ ಆಗಿರಲಿಲ್ಲ, ಅದನ್ನ ಯಾರೂ ಮೊದಲೇ ಹೇಳಲೂ ಇಲ್ಲ, ಅಲೆದು ಅಲೆದು ಕೊನೆಗೆ ದುಡ್ಡು ಬಂದಿದ್ದು ನಾಲ್ಕನೇ ತಿಂಗಳಲ್ಲಿ. ಅಷ್ಟರಲ್ಲಿ ತಮ್ಮನ ಹೆಂಡತಿಯ ಓಲೆ ಅಡವು ಅಂಗಡಿ ಸೇರಿತ್ತು.

ತಡವಾದರೆ ಏನು, ಬಂತಲ್ಲ ಅನ್ನಬೇಡಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತವರ ತಂಡ ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳಿಗೂ ಅವರ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ ಕೊಟ್ಟು ಅಧ್ಯಯನ ಮಾಡಿತು. 2023ರಲ್ಲಿ ಅದರ ಫಲಿತಾಂಶ ಬಂತು. ರೇಷನ್ ಸಿಕ್ಕ ಮನೆಯವರಿಗೆ ಹೊಸದಾಗಿ ಟಿಬಿ ತಗಲುವುದು ಸುಮಾರು 40% ಕಡಿಮೆಯಾಗಿತ್ತು. ಮೊದಲ ಎರಡು ತಿಂಗಳಲ್ಲಿ ತೂಕ 5% ಏರಿದ ರೋಗಿಗಳಲ್ಲಿ ಸಾಯುವ ಅಪಾಯ ಸುಮಾರು 60% ಕಡಿಮೆ. ಮೊದಲ ಎರಡು ತಿಂಗಳು! ನಾವು ಬ್ಯಾಂಕಿಗೆ ಅಲೆಯುತ್ತಿದ್ದ ಅದೇ ಎರಡು ತಿಂಗಳು.

ಇನ್ನು ಮನಸ್ಸಿನ ಸಂಕಟ. ನಮ್ಮಮ್ಮನೇ ಅವನ ತಟ್ಟೆ ಲೋಟ ಬೇರೆ ಮಾಡಿ ಬಚ್ಚಲ ಹತ್ತಿರ ಇಟ್ಟಿದ್ದರು. ತಪ್ಪು ಅಮ್ಮನದಲ್ಲ, ಭಯ. ಟಿಬಿ ಹರಡುವುದು ಗಾಳಿಯಿಂದ, ತಟ್ಟೆಯಿಂದಲ್ಲ, ಸರಿಯಾಗಿ ಮಾತ್ರೆ ತಗೊಂಡರೆ ಕೆಲವೇ ವಾರದಲ್ಲಿ ಹರಡುವುದೂ ತುಂಬಾ ಕಡಿಮೆಯಾಗುತ್ತೆ ಅಂತ ನನಗೂ ಆಗ ಗೊತ್ತಿರಲಿಲ್ಲ. ಅವನು ಉಂಡು, ತನ್ನ ತಟ್ಟೆ ತಾನೇ ತೊಳೆದು, ಮತ್ತದೇ ಮೂಲೆಯಲ್ಲಿ ಬೋರಲು ಹಾಕುತ್ತಿದ್ದ. ನೆಂಟರು ಬರುವುದು ನಿಂತಿತ್ತು. ಒಂದು ಸಂಜೆ ಅವನ ಮೇಸ್ತ್ರಿ ಒಂದು ಟ್ರೇ ಮೊಟ್ಟೆ ಹಿಡ್ಕೊಂಡು ಬಂದ. ದೂರ ನಿಲ್ಲಲಿಲ್ಲ. ಜಗುಲಿ ಮೇಲೆ ಪಕ್ಕದಲ್ಲೇ ಕೂತು, ಯಾವ ಮನೆಗೆ ಮೋಲ್ಡ್ ಆಯ್ತು, ಮರಳಿನ ರೇಟ್ ಎಷ್ಟಾಯ್ತು ಅಂತ ಒಂದು ಗಂಟೆ ಮಾತಾಡಿದ. ಕಾಯಿಲೆ ಸುದ್ದಿಯನ್ನೇ ಎತ್ತಲಿಲ್ಲ. ಅವತ್ತು ರಾತ್ರಿ ನನ್ನ ತಮ್ಮ ಎರಡು ಮುದ್ದೆ ಉಂಡ.

ನಿಮಗೆ ಗೊತ್ತಿರುವವರಿಗೆ ಈಗಷ್ಟೇ ಮಾತ್ರೆ ಶುರುವಾಗಿದ್ದರೆ, ದಯವಿಟ್ಟು ಈ ವಾರವೇ ಪಾಸ್‌ಬುಕ್, ಆಧಾರ್ ಹಿಡ್ಕೊಂಡು ಅವರ ಜೊತೆ ಬ್ಯಾಂಕಿಗೆ ಹೋಗಿ. ಕೈಯಲ್ಲಿ ಸ್ವಲ್ಪ ದುಡ್ಡಿರುವವರು ನಿಕ್ಷಯ್ ಮಿತ್ರರಾಗಿ ಹೆಸರು ಬರೆಸಿ, ಒಬ್ಬ ರೋಗಿಗೆ ಆರು ತಿಂಗಳು ದಿನಸಿ ಕೊಡಬಹುದು. ಏನೂ ತಿಳಿಯದಿದ್ದರೆ ಟಿಬಿ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿ.