ಗ್ರೀನ್‌ಯಾರ್ಡ್ಸ್‌ನ ಏಳು ಜನ, ನಮ್ಮೂರಿನ ಏಳು ಜನ

ಸ್ಕಾಟ್ಲೆಂಡಿನ ಎಡಿನ್‌ಬರೊದಿಂದ ಟ್ವೀಡ್‌ಬ್ಯಾಂಕ್‌ವರೆಗೆ ರೈಲಿದೆ. ಅಲ್ಲಿಂದ ಮೆಲ್‌ರೋಸ್‌ಗೆ ನಡೆದೇ ಹೋಗಬಹುದು. ನಮ್ಮ ಕಡೆಯ ಹೋಬಳಿ ಕೇಂದ್ರಕ್ಕಿಂತ ದೊಡ್ಡ ಊರೇನಲ್ಲ. ಒಂದು ಕಡೆ ಗುಡ್ಡಗಳು, ಇನ್ನೊಂದು ಕಡೆ ಪಾಳುಬಿದ್ದ ಹಳೇ ಮಠ, ಊರೊಳಗೇ ಗ್ರೀನ್‌ಯಾರ್ಡ್ಸ್ ಎಂಬ ರಗ್ಬಿ ಮೈದಾನ. 2016ರಲ್ಲಿ ಒಲಿಂಪಿಕ್ಸ್ ಸೇರಿದ ಏಳು ಜನರ ರಗ್ಬಿ ಹುಟ್ಟಿದ ಜಾಗ ಇದು.

ಹುಟ್ಟಿಗೆ ಕಾರಣ ಬಡತನ. 1877ರಲ್ಲಿ ಶುರುವಾದ ಮೆಲ್‌ರೋಸ್ ರಗ್ಬಿ ಕ್ಲಬ್ಬಿನ ಕೈ 1883ರ ಹೊತ್ತಿಗೆ ಖಾಲಿಯಾಗಿತ್ತು. ದುಡ್ಡು ಕೂಡಿಸಲು ಒಂದು ಕ್ರೀಡಾಕೂಟ ಮಾಡೋಣ, ಅದರಲ್ಲಿ ರಗ್ಬಿ ಪಂದ್ಯಾವಳಿಯೂ ಇರಲಿ ಎಂದವನು ನೆಡ್ ಹೇಗ್, ಮಾಂಸದಂಗಡಿಯ ಕೆಲಸಗಾರ. ತಂಡಕ್ಕೆ ಹದಿನೈದು ಜನರಾದರೆ ಒಂದೇ ಮಧ್ಯಾಹ್ನದಲ್ಲಿ ಅಷ್ಟೂ ಪಂದ್ಯ ಮುಗಿಯವು. ಹಾಗಾಗಿ ಏಳಕ್ಕೆ ಇಳಿಸಿದರು, ಪಂದ್ಯಕ್ಕೆ 15 ನಿಮಿಷ. ಕಪ್ ಕೊಟ್ಟವರು ಊರಿನ ಹೆಂಗಸರು. ಏಪ್ರಿಲ್ 28ರ ಫೈನಲ್‌ನಲ್ಲಿ ಎದುರಾಳಿ ಪಕ್ಕದ ಊರಿನ ಗಾಲಾ ತಂಡ. ಸಮಬಲವಾಗಿ ಹೆಚ್ಚುವರಿ ಆಟ ನಡೆಯಿತು. ನಾಯಕ ಡೇವಿಡ್ ಸ್ಯಾಂಡರ್ಸನ್ ಅಂಕ ಗಳಿಸಿದ್ದೇ ತಡ, ಮೆಲ್‌ರೋಸ್‌ನವರು ಸಮಯ ಮುಗಿಯುವ ಮೊದಲೇ ಕಪ್ ನಮ್ಮದು ಅಂತ ಮೈದಾನ ಬಿಟ್ಟು ನಡೆದರು! ಗಾಲಾದವರು ತಕರಾರು ತೆಗೆದರೂ ನಡೆಯಲಿಲ್ಲ. ಮುಂದೆ ಏಳರ ರಗ್ಬಿಯ ವಿಶ್ವಕಪ್ ಟ್ರೋಫಿಗೇ ಮೆಲ್‌ರೋಸ್ ಕಪ್ ಅಂತ ಹೆಸರಿಟ್ಟರು. ಆದರೂ ಊರಿನ ಪಂದ್ಯಾವಳಿ ಇವತ್ತಿಗೂ ಅದೇ ಮೈದಾನದಲ್ಲೇ, ಅದೇ ಕ್ಲಬ್ಬಿನ ಕೈಯಲ್ಲೇ ನಡೆಯುತ್ತದೆ.

ನಮ್ಮ ಕಬಡ್ಡಿಗೂ ಏಳೇ ಜನ. ಕರಾವಳಿ, ಮಲೆನಾಡಿನ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಬೆಳಗಿನ ಜಾವದವರೆಗೆ ನಿಂತು ನೋಡುವ ಜನರ ಉತ್ಸಾಹ ಮೆಲ್‌ರೋಸ್‌ನವರಿಗಿಂತ ಒಂದು ಕೈ ಮೇಲೆಂದೇ ನನ್ನ ಅನಿಸಿಕೆ. ಧಾರಾಳತನವೂ ಹಾಗೇ. ಉಳಿದ ಹಣ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಯಾರದೋ ಆಸ್ಪತ್ರೆ ಖರ್ಚಿಗೆ ಹೋಗುತ್ತದೆ. ಅದು ನಿಲ್ಲಬೇಕೆಂದು ನಾನು ಹೇಳಲಾರೆ.

ಆದರೆ ಆ ಮೈದಾನಕ್ಕೆ ಏನು ಸಿಕ್ಕಿತು? ಶಾಮಿಯಾನ ಬಿಚ್ಚಿದ ಮೇಲೆ ಅದು ಮತ್ತೆ ಶಾಲೆಯ ಬಯಲು, ಇಲ್ಲವೇ ಕೊಯ್ಲಾದ ಗದ್ದೆ. ಹತ್ತು ವರ್ಷದ ಹಿಂದೆ ಗೆದ್ದ ತಂಡ ಯಾವುದು, ಕಪ್ ಕೊಟ್ಟವರು ಯಾರು ಎಂದು ಕೇಳಿದರೆ ಹಿರಿಯರ ನೆನಪೇ ಗತಿ. ಗೋಮಾಳದ ಅಂಚಿನಲ್ಲಿ ಆಡುತ್ತಿದ್ದ ಜಾಗ ಸೈಟುಗಳಾಗಿ ಹಂಚಿಹೋದಾಗ, ಇಲ್ಲಿ ಇಷ್ಟು ವರ್ಷ ಆಡಿದ್ದೇವೆ ಎಂದು ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಮೆಲ್‌ರೋಸ್‌ನವರು ತಮ್ಮ ಆಟಕ್ಕಾಗಿಯೇ ದುಡ್ಡೆತ್ತಿದರು, ಅದನ್ನು ಹೇಳಿಕೊಳ್ಳಲು ಸಂಕೋಚಪಡಲಿಲ್ಲ. ನಾವು ಮಾತ್ರ ಆಟಕ್ಕೆಂದು ಆಟದಿಂದಲೇ ಹಣ ತೆಗೆದಿಡುವುದನ್ನು ಸ್ವಾರ್ಥವೆಂಬಂತೆ ನೋಡುತ್ತೇವೆ.

ಊರಿನ ಯುವಕ ಸಂಘಗಳಿಗೆ ನನ್ನದೊಂದು ಕೋರಿಕೆ. ಈ ಸಲದ ಪ್ರವೇಶ ಶುಲ್ಕದಲ್ಲಿ ಒಂದು ಪಾಲು ತೆಗೆದಿಟ್ಟು ಆ ಜಾಗದ ಸರ್ವೆ ಮಾಡಿಸಿ. ಸರ್ಕಾರಿ ಜಾಗವಾದರೆ ಪಂಚಾಯಿತಿಯಿಂದ ನಿರ್ಣಯ ಮಾಡಿಸಿ, ಆಟದ ಮೈದಾನಕ್ಕೆ ಕಾಯ್ದಿರಿಸಿ ಪಹಣಿಯಲ್ಲಿ ನಮೂದಿಸುವಂತೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ಜೊತೆಗೆ ಒಂದು ದಪ್ಪ ಪುಸ್ತಕ ತಂದು ಗೆದ್ದವರ, ಸೋತವರ, ಕಪ್ ಕೊಟ್ಟವರ ಹೆಸರನ್ನು ಇಸವಿ ಸಮೇತ ಬರೆಯಲು ಶುರುಮಾಡಿ.